ತಡವಾದ ಕೈಫಿಯತ್ತಿಗೆ ಕಾರಣ ಕೇಳಿದ ನ್ಯಾಯಾಧೀಶರು

ಆಸ್ತಿಪಾಸ್ತಿಯಂಥ ದಿವಾಣಿ ದಾವೆಗಳಲ್ಲಿ ನ್ಯಾಯಾಧೀಶರ ವಿವೇಚನೆ ಎಷ್ಟು ದೊಡ್ಡದು, ಅದನ್ನು ಎಷ್ಟು ಅಂಜಿ ಬಳಸಬೇಕು ಎಂಬುದನ್ನು ಕಲಬುರಗಿಯ ವಕೀಲರಿಗೆ ಕಾಣಿಸಿಕೊಟ್ಟವರು, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಸಿವಿಲ್ ನ್ಯಾಯಾಧೀಶರಾದ ಶ್ರೀಮತಿ ಶುಭದಾ ಜಹಾಗೀರದಾರ ಅವರು. ಅವರ ಬಗ್ಗೆ ಬರೆಯಲು ಅಭಿನಂದನ ಸಮಿತಿಯವರು ನನ್ನನ್ನೇ ಯಾಕೆ ಹಿಡಿದರೋ ತಿಳಿಯದು. ಅವರೆದುರು ಗೆದ್ದ ವಕೀಲರು ಊರ ತುಂಬ ಇದ್ದಾರೆ; ಈ ಮಕ್ಬೂಲ್ ಸೋತವನು. ಸೋತವನ ಹೊಗಳಿಕೆಯಲ್ಲಿ ಕಲಬೆರಕೆ ಕಡಿಮೆ ಎಂದುಕೊಂಡಿರಬೇಕು.

ಜಮಖಂಡಿಯಲ್ಲಿ ಸೇವೆ ಆರಂಭಿಸಿ, ಸಿಂದಗಿ, ಹುಮನಾಬಾದಗಳನ್ನು ದಾಟಿ ಅವರು ನಮ್ಮಲ್ಲಿಗೆ ವರ್ಗವಾಗಿ ಬರುವ ಮೊದಲೇ, ಮೇಡಂ ಬಹಳ ಸಿಡುಕು ಎಂಬ ಸುದ್ದಿ ಬಂದು ಕುಳಿತಿತ್ತು. ಸುಳ್ಳಲ್ಲ. ಬೇಸಿಗೆಯ ಬಿಸಿಲಿನಲ್ಲಿ ಬಂದ ಮುದುಕರ ಪ್ರಕರಣಗಳನ್ನು ಮೊದಲು ಕರೆಸಿ ಮನೆಗೆ ಕಳಿಸುತ್ತಿದ್ದ ಅವರು, ತಯಾರಿಯಿಲ್ಲದೆ ಬಂದ ನಮ್ಮನ್ನು ಸಂಜೆಯ ತನಕ ಕೂಡಿಸಿ ಬೆವರಿಳಿಸುತ್ತಿದ್ದರು. ಅವರದೊಂದು ಪದ್ಧತಿಯಿತ್ತು: ತಡವಾದದ್ದನ್ನು ಮನ್ನಿಸಿ ಎಂಬ ಅರ್ಜಿ ಬಂದರೆ, ವಕೀಲರ ಮಾತು ಮುಗಿದ ಮೇಲೆ ಕಕ್ಷಿದಾರರನ್ನೇ ಎಬ್ಬಿಸಿ, "ಈಗ ನೀವು ಹೇಳ್ರಿ" ಎನ್ನುವುದು. ನಮ್ಮ ಎದೆ ಧಸಕ್ಕೆನ್ನುತ್ತಿದ್ದುದು ಅಲ್ಲೇ.

ನನ್ನ ಕಕ್ಷಿದಾರ ಕುಸನೂರಿನ ಮಾಳಿಂಗಪ್ಪ, ಕಮಲಾಪುರದಲ್ಲಿದ್ದ ತಂಗಿ ರೇವಮ್ಮನ ಮೇಲೆ ದಾವೆ ಹೂಡಿದ್ದ. ತಾಯಿ ಮಗಳ ಹೆಸರಿಗೆ ಮೃತ್ಯುಪತ್ರ ಬರೆದಿಟ್ಟಿದ್ದ ಕೆಂಪು ಬಾಳೆಯ ತೋಟ ತನ್ನದೆಂಬುದು ಅವನ ವಾದ. ವಿಧವೆಯಾದ ರೇವಮ್ಮನಿಗೆ ಇದ್ದ ಆಸರೆ ಅದೊಂದೇ. ದಾವೆಗೆ ಪ್ರತಿವಾದಿ ಕೊಡುವ ಲಿಖಿತ ಉತ್ತರಕ್ಕೆ ನಮ್ಮ ಕಡೆ ಕೈಫಿಯತ್ತು ಎನ್ನುತ್ತೇವೆ. ಸಮನ್ಸ್ ಮುಟ್ಟಿದ ಮೇಲೆ ಹೆಚ್ಚೆಂದರೆ ತೊಂಬತ್ತು ದಿನದೊಳಗೆ ಅದನ್ನು ಸಲ್ಲಿಸಬೇಕು. ಆಮೇಲೆ ಬಂದದ್ದನ್ನು ಬಲವಾದ ಕಾರಣವಿದ್ದರೆ ಮಾತ್ರ ತೆಗೆದುಕೊಳ್ಳುವುದು ನ್ಯಾಯಾಲಯದ ವಿವೇಚನೆ. ರೇವಮ್ಮನಿಗೆ ಸಮನ್ಸ್ ಮುಟ್ಟಿದ್ದು ಯುಗಾದಿಯ ಹೊತ್ತಿಗೆ. ಕೈಫಿಯತ್ತು ಬಂದದ್ದು ಶ್ರಾವಣ ಮುಗಿಯುವಾಗ. ಅದನ್ನು ತಿರಸ್ಕರಿಸಿದರೆ ಆಕೆಯ ಬಾಯಿ ಕಟ್ಟಿದಂತೆ, ತೋಟ ಹೋದಂತೆ. ನಾನು ಗಂಟಲು ಹರಿಯುವಂತೆ ತಕರಾರು ಮಾಡಿದೆ.

ಆಕೆಯ ವಕೀಲ ಸುಮಂತ, ಮೊಣಕಾಲ ನೋವಿನಿಂದ ತಡವಾಯಿತೆಂದು ಅಫಿಡವಿಟ್ ಹಾಕಿದ್ದ. ಮೇಡಂ ಎಂದಿನಂತೆ ರೇವಮ್ಮನನ್ನು ಎಬ್ಬಿಸಿದರು.

"ಮೊಣಕಾಲು ಹತ್ತು ವರ್ಷದಿಂದ ನೋಯ್ತದ್ರಿ. ಅದಕ್ಕ ತಡ ಆಗಿಲ್ಲರಿ" ಎಂದುಬಿಟ್ಟಳು ಪುಣ್ಯಾತ್ಗಿತ್ತಿ!

ಸುಮಂತನ ಮುಖದಲ್ಲಿ ರಕ್ತವಿರಲಿಲ್ಲ. ನಾನು ಜಿಗಿದೆದ್ದೆ: "ಅಫಿಡವಿಟ್ಟೇ ಸುಳ್ಳು ಅಂತ ಅವರೇ ಹೇಳ್ಯಾರ. ಅರ್ಜಿ ವಜಾ ಮಾಡ್ರಿ."

"ಕೂಡ್ರಿ ಮಕ್ಬೂಲ್ ಸಾಹೇಬ್ರ" ಎಂದ ಮೇಡಂ, ಆಕೆಯ ಕಡೆ ತಿರುಗಿದರು. "ಮತ್ತ್ಯಾಕ ತಡ ಆತವ್ವ?"

"ಪಂಚಮಿ ದಾರಿ ನೋಡಿದೆರಿ. ನಮ್ಮಣ್ಣ ತವರಿಗೆ ಕರಿಲಾಕ ಬರ್ತಾನ, ಕೂತು ಮಾತಾಡಿದ್ರ ಮುಗೀತದ ಅಂತ. ಅಷ್ಟರಾಗ ನಾ ಎದುರುತ್ತರ ಬರೆಸಿದ್ರ ಅವ ಹ್ಯಾಂಗ ನಮ್ಮ ಹೊಸ್ತಿಲ ತುಳಿತಾನ್ರಿ?"

"ಹಬ್ಬ ಹುಣ್ಣಿಮೆಗಳೆಲ್ಲ ಕಾರಣವಾದರೆ ಕಾಯ್ದೆ ಯಾಕೆ ಬೇಕು?" ಎಂದು ನಾನು ಕೂಗಾಡಿದೆ. ಮೇಡಂ ಹೌದೆನ್ನುವಂತೆ ತಲೆಯಾಡಿಸಿದರು. ಗೆದ್ದೆ ಎಂದುಕೊಂಡೆ.

"ಬರೇ ದಾರಿ ನೋಡಿದ್ದು ಕಾರಣ ಆಗೂದಿಲ್ಲ" ಎಂದವರು, ಗೋಡೆಯ ಬದಿ ನಿಂತಿದ್ದ ಮಾಳಿಂಗಪ್ಪನನ್ನು ಕೇಳಿದರು: "ಬರ್ತೇನಿ ಅಂತ ನೀವು ಹೇಳಿದ್ರೇನು?"

ಉತ್ತರಿಸುವ ಬಾಧ್ಯತೆ ಅವನಿಗಿಲ್ಲವೆಂದೆ. "ಇಲ್ಲ ಖರೆ. ಹೇಳಿದ್ರ ಕೇಳ್ತೇನಿ" ಎಂದರು. ಮಾಳಿಂಗಪ್ಪ ಇಲ್ಲ ಎಂದರೆ ಸಾಕಿತ್ತು, ತೋಟ ಅವನ ಕೈಸೇರುತ್ತಿತ್ತು. ರೇವಮ್ಮ ಅವನ ಕಡೆ ನೋಡಲೇ ಇಲ್ಲ. ಸೆರಗಿನ ತುದಿ ಹಿಡಿದು ನೆಲ ನೋಡುತ್ತಿದ್ದಳು.

"ಹೂಂರಿ. ಸಮನ್ಸ್ ಮುಟ್ಟಿದ ದಿನ ಫೋನ್ ಮಾಡಿದ್ಳು. ಪಂಚಮಿಗೆ ಬರ್ತೇನಿ, ಅಲ್ಲಿತನಕ ಏನೂ ಮಾಡಬ್ಯಾಡ ಅಂದಿದ್ದೆ" ಎಂದ ಮಾಳಿಂಗಪ್ಪ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾಯಿಸಿದವರೇ ತಡವಾಯಿತೆಂದು ಲಾಭ ಪಡೆಯುವಂತಿಲ್ಲವೆಂದು ಬರೆಸಿ, ಮೇಡಂ ಕೈಫಿಯತ್ತನ್ನು ದಾಖಲೆಗೆ ತೆಗೆದುಕೊಂಡರು. ಸುಮಂತನಿಗೆ ಖಾರವಾಗಿ ನಾಲ್ಕು ಮಾತು ಹೇಳಿ, ನಿಜವಾದ ಕಾರಣದ ಹೊಸ ಅಫಿಡವಿಟ್ ಬರೆಸಿದರು. ಕರುಣೆ ತೋರಿದ ನ್ಯಾಯಾಧೀಶರನ್ನು ನಾನು ಬಹಳ ಕಂಡಿದ್ದೇನೆ. ಕರುಣೆಗೂ ಪುರಾವೆ ಕೇಳಿದವರು ಇವರೊಬ್ಬರೇ. ಅಂದಿನ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ, ಗೌರವ ಮಾತ್ರ ಅಂದಿನಿಂದ ಏರುತ್ತಲೇ ಇದೆ.

ವಿಚಾರಣೆ ನಡೆದು ತೋಟ ರೇವಮ್ಮನಿಗೇ ಉಳಿಯಿತು. ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಮೇಲೆ ಆಕೆ, "ಯಣ್ಣಾ, ಉಂಡು ಬಂದಿಯೇನು?" ಎಂದಳು. ಮಾಳಿಂಗಪ್ಪ ತಿರುಗಿ ನೋಡದೆ ಹೊರಟುಹೋದ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮೊನ್ನೆ ಬೀಳ್ಕೊಡುಗೆಯ ಚಹಾದ ಹೊತ್ತಿಗೆ ಮೇಡಂಗೆ, ಮಾಳಿಂಗಪ್ಪ ಹೀಗೆ ಹೊರಟುಹೋದದ್ದನ್ನು ಹೇಳಿದೆ. "ಕೈಫಿಯತ್ತು ತೊಗೊಳ್ಳೂದು ನನ್ನ ಕೈಯಾಗ ಇತ್ತು. ಅಣ್ಣನ್ನ ಕಳಸೂದು ಇರಲಿಲ್ಲ" ಎಂದರು. ಅವರ ಕಣ್ಣು ತುಂಬಿದ್ದನ್ನು ಅಂದೇ ಮೊದಲು ಕಂಡೆ.

ನಿವೃತ್ತಿಯ ನಂತರ ಕಲಬುರಗಿಯಲ್ಲೇ ನೆಲೆಸಿ, ವ್ಯಾಜ್ಯದಿಂದ ಒಡೆದ ಮನೆಗಳವರನ್ನು ಕೂಡಿಸಿ ಮಾತಾಡಿಸುವ ಕೆಲಸ ಮಾಡುತ್ತಾರಂತೆ. ಅದಕ್ಕೆ ಬೇಕಾದಷ್ಟು ಆಯುಷ್ಯವನ್ನೂ ಆ ಸಿಡುಕನ್ನೂ ಭಗವಂತ ಅವರಿಗೆ ಕೊಡಲಿ. ಮೊದಲ ದಿನವೇ ರೇವಮ್ಮ ಬರುತ್ತೇನೆಂದಿದ್ದಾಳೆ. ಮಾಳಿಂಗಪ್ಪನನ್ನು ಕರೆತರುವ ಹೊಣೆ ನನ್ನದು. ಕುಸನೂರಿಗೆ ಹೋಗಿ ಕೇಳಿಬಂದೆ, ಒಪ್ಪಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ.