ಬಲಗೈಗೆ ಕಾಲುಚೀಲ

ಮಲೇಷ್ಯಾದ ಮೆಲಾಕಾ ಊರಿನ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಉಡುಪಿಯ ಜಯಕರರಿಗೆ ಒಂದು ಪಾಠ ಬಾಯಿಪಾಠವಾಗಿಬಿಟ್ಟಿತ್ತು. ಗರ್ಭದಲ್ಲಿ ಶಿಶು ಕೈಕಾಲು ಆಡಿಸುವುದು ಹೊತ್ತು ಹೋಗದೆ ಅಲ್ಲ. ಸ್ನಾಯು ಎಳೆದರೇ ಅದನ್ನು ಮೂಳೆಗೆ ಕಟ್ಟುವ ಹುರಿ ಗಟ್ಟಿಯಾಗುವುದು. ಮೊಟ್ಟೆಯೊಳಗಿನ ಕೋಳಿಮರಿಯನ್ನು ಔಷಧಿ ಹಾಕಿ ಅಲುಗದಂತೆ ಮಾಡಿದರೆ ಆ ಹುರಿ ಮೂಡಲು ಶುರುವಾಗಿ ಅಲ್ಲಿಗೇ ಸೊರಗುತ್ತದೆ. ಹುಟ್ಟಿದ ಮೇಲೂ ಕೆಲವು ಕಾಲ ಇದೇ ಕಾನೂನು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಗೆ ಬರುತ್ತದೆಂದು.

ಕೂದಲು ನರೆಯತೊಡಗಿದ ಮೇಲೆ ಅವರಿಗೆ ಮಗಳು ಹುಟ್ಟಿದಳು, ಇಂಚರ. ಮಗು ದಪ್ಪ, ಹೆರಿಗೆ ಕಷ್ಟ. ಕುತ್ತಿಗೆಯ ನರ ಜಗ್ಗಿ ಎಡಗೈ ಜೋತುಬಿತ್ತು. ತಪ್ಪು ಯಾರದೂ ಅಲ್ಲ. ಏಳನೇ ತಿಂಗಳಿಗೆ ನರ ಚೇತರಿಸಿಕೊಂಡಿತು, ಆದರೆ ಇಂಚರ ಎಡಗೈಯನ್ನೇ ಮರೆತುಬಿಟ್ಟಿದ್ದಳು. ಕೈ ತಾನಾಗಿ ಎದ್ದು ಎಳೆಯದಿದ್ದರೆ ಭುಜದ ಕಟ್ಟು ಸೊಟ್ಟಗೆ ಬೆಳೆಯುತ್ತದೆ, ಮುಂದಿನ ತಪಾಸಣೆಯೊಳಗೆ ಏಳದಿದ್ದರೆ ಆಪರೇಷನ್ ಎಂದರು ಡಾಕ್ಟರು. ಫಿಸಿಯೋಥೆರಪಿಸ್ಟ್ ರೊಹಾನಿ ಉಪಾಯ ಹೇಳಿಕೊಟ್ಟಳು. ದಿನಾ ಸ್ವಲ್ಪ ಹೊತ್ತು ಬಲಗೈಗೆ ಕಾಲುಚೀಲ ಹಾಕಿ, ಬೇಕಾದ್ದಕ್ಕೆ ಎಡಗೈಯೇ ಏಳಲಿ.

ಹೆಂಡತಿ ವಾರಿಜಾ ಕಾಲುಚೀಲ ಹಾಕುತ್ತಿದ್ದಳು. ಅವಳು ಅಡುಗೆಮನೆಗೆ ಹೋದೊಡನೆ ಪ್ರೊಫೆಸರು ತೆಗೆಯುತ್ತಿದ್ದರು. ಮಗು ಅಳುತ್ತದೆ, ಮತ್ತೇನು ಮಾಡುವುದು? ಇಂಚರಳಿಗೆ ಎಲ್ಲಕ್ಕಿಂತ ಇಷ್ಟ ಅಪ್ಪನ ಕನ್ನಡಕ. ಅವಳು ಕಣ್ಣೆತ್ತಿದರೆ ಸಾಕು, ಅವರು ಮುಖವನ್ನೇ ಬಗ್ಗಿಸಿ ಬಲಗೈಗೆ ತಾಗಿಸುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಒಂದು ದಿನ ಕಾಲುಚೀಲ ಅವರ ಜೇಬಿನಲ್ಲಿ ವಾರಿಜಾಳ ಕೈಗೆ ಸಿಕ್ಕಿತು.

"ಎಂತ ಇದು ಮಾರಾಯ್ರೆ?"

"ಅಳ್ತಾಳಲ್ಲ ವಾರಿಜಾ."

"ನನಗೆ ಕೇಳ್ಸುದಿಲ್ವಾ? ನಾನೊಬ್ಬಳೇ ರಾಕ್ಷಸಿ ಆಗ್ಬೇಕಾ? ಆಪರೇಷನ್ನಿಗೆ ಮಲಗಿಸ್ಲಿಕ್ಕೆ ನೀವೇ ಎತ್ಕೊಂಡು ಹೋಗಿ ಆಯ್ತಾ."

ಅಷ್ಟು ಹೇಳಿ ವಾರಿಜಾ ಅತ್ತಳು. ಜಯಕರರಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಭಾನುವಾರ ಬೆಳಿಗ್ಗೆ ವಾರಿಜಾ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ರೋಟಿ ಕಟ್ಟಿಸಿಕೊಂಡು ಬರಲು ಹೋದಳು. ಜಯಕರ ತಾವೇ ಮಗಳ ಬಲಗೈಗೆ ಕಾಲುಚೀಲ ಹಾಕಿ, ಅವಳನ್ನು ದಿಂಬಿಗೆ ಒರಗಿಸಿ, ಎದುರು ಕುಳಿತರು. ಕಾಲುಚೀಲದ ಕೈ ಕನ್ನಡಕದ ಮೇಲಿಂದ ಜಾರಿತು. ಮತ್ತೆ ಜಾರಿತು. ಇಂಚರ ಅಳತೊಡಗಿದಳು. ಅವರ ಕತ್ತು ಅಭ್ಯಾಸಬಲದಿಂದ ಬಾಗಹೊರಟಿತು, ಹಿಂದಕ್ಕೆಳೆದುಕೊಂಡರು. ತಮ್ಮ ಕೈಗಳನ್ನು ನಂಬಲಾರದೆ ಅವುಗಳ ಮೇಲೆ ಕುಳಿತರು. ಕೊನೆಗೆ ಅವರೂ ಅತ್ತರು.

ಎಡಭುಜ ಅಲುಗಿತು. ಕೈ ಸ್ವಲ್ಪ ಎದ್ದು ಬಿತ್ತು. ಮತ್ತೆ ಎದ್ದಿತು, ಅಪ್ಪನ ಗಲ್ಲಕ್ಕೊಂದು ಏಟು ಕೊಟ್ಟಿತು, ಅಲ್ಲಿಂದ ತಡವರಿಸುತ್ತ ಮೇಲೆ ಹೋಗಿ ಕನ್ನಡಕದ ಕಡ್ಡಿ ಹಿಡಿದು ಎಳೆಯಿತು.

ವಾರಿಜಾ ಬಂದಾಗ ಕನ್ನಡಕ ಮಗಳ ಎಡಗೈಯಲ್ಲಿತ್ತು, ಕಡ್ಡಿ ಬಾಯಲ್ಲಿ. ಅವಳು ಮೊದಲು ಕಾಲುಚೀಲ ನೋಡಿದಳು, ಬಲಗೈಯಲ್ಲೇ ಇತ್ತು. ಆಮೇಲೆ ಗಂಡನನ್ನು ನೋಡಿದಳು.

"ನೀವು ಬಗ್ಗಿದ್ರಾ?"

"ಇಲ್ಲ."

ಕನ್ನಡಕವಿಲ್ಲದೆ ಜಯಕರರಿಗೆ ಹೆಂಡತಿಯ ಮುಖ ಸರಿಯಾಗಿ ಕಾಣಲಿಲ್ಲ. ಅವಳು ರೋಟಿಯ ಪೊಟ್ಟಣ ಕೆಳಗಿಟ್ಟು ಮಗಳ ಪಕ್ಕ ಕುಳಿತಳು.

"ಹಾಗಾದ್ರೆ ಕಾಲುಚೀಲ ತೆಗೀಬೇಡಿ. ಇನ್ನೂ ಎಳೀಲಿ."