ಹೇರಳೆಕಾಯಿ ಮತ್ತು ಮೂರೆಳೆಯ ಹಗ್ಗ

ಮೊನ್ನೆ ಪಾಂಡವಪುರದ ಸಂತೆಯಿಂದ ತಂದ ಹೇರಳೆಕಾಯಿಯನ್ನು ಚಿತ್ರಾನ್ನಕ್ಕೆಂದು ಹೆಚ್ಚಿದೆ. ಸಿಪ್ಪೆಯ ಘಾಟು ಮೂಗಿಗೆ ಅಡರಿದ್ದೇ ತಡ, ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಡಂ ನೆನಪಾದರು. ಒಬ್ಬಳೇ ನಕ್ಕುಬಿಟ್ಟೆ.

ಅವರು ಗಂಜಾಂನವರು. ನಮ್ಮೂರು ಬಿಂಡಿಗನವಿಲೆಗೆ ಪಾಠ ಹೇಳಲು ಬಂದು ನಮ್ಮ ಎದುರುಮನೆಯಲ್ಲೇ ಬಾಡಿಗೆಗಿದ್ದರು. ಊರಿಗೆ ಹೋದಾಗಲೆಲ್ಲ ತಮ್ಮ ಹಿತ್ತಲಿನ ಹೇರಳೆಕಾಯಿಯನ್ನು ಚೀಲದ ತುಂಬ ತರುತ್ತಿದ್ದರು.

ಆಗ ನಮ್ಮ ತಾತನ ಕಾಲಿಗೆ ಗಾಯವಾಗಿ ಮೂರು ತಿಂಗಳು ದಾಟಿತ್ತು. ಕತ್ತಾಳೆ ನಾರಿನ ಹಗ್ಗ ಹೊಸೆಯುವುದರಲ್ಲಿ ತಾತನದು ಎತ್ತಿದ ಕೈ. ಒಬ್ಬರು ಕೊಕ್ಕೆ ತಿರುಗಿಸುತ್ತಿದ್ದರೆ ತಾತ ನಾರು ಕೊಡುತ್ತಾ ಅಂಗಳದುದ್ದಕ್ಕೂ ಹಿಂದಹಿಂದಕ್ಕೆ ನಡೆಯುತ್ತಿದ್ದರು. ಗಾಯ ಮಾಯಲಿಲ್ಲ, ಆ ನಡಿಗೆ ನಿಂತೇಹೋಯಿತು. ಹುಳಿ, ತಂಪು ತಿಂದರೆ ಕೀವಾಗುತ್ತದೆಂದು ಅಜ್ಜಿಯ ಪಥ್ಯ ಬೇರೆ. ನಿಂಬೆ, ಸೀಬೆ, ಸೊಪ್ಪು ಎಲ್ಲ ಬಂದ್; ಬರೀ ಮುದ್ದೆ, ಸಪ್ಪೆ ಬೇಳೆ. ವಸಡಿನಲ್ಲೂ ರಕ್ತ ಬರತೊಡಗಿತು. ಈ ಪಥ್ಯದ ವಿಷಯವನ್ನು ನಾವು ಡಾಕ್ಟರಿಗೆ ಹೇಳಿರಲೇ ಇಲ್ಲ.

ಒಂದು ಭಾನುವಾರ ಮೇಡಂ ಬಂದು ಊಟದ ಬಗ್ಗೆ ವಿಚಾರಿಸಿದವರೇ ತಾತನ ಪಕ್ಕ ಕೂತು ಪಾಠವನ್ನೇ ಶುರುಮಾಡಿದರು.

"ಗಾಯ ಕೂಡಿಕೊಳ್ಳೋಕೆ ಮೈಯೂ ಮೂರೆಳೆ ಹಗ್ಗ ಹೊಸೆಯುತ್ತೆ ಯಜಮಾನರೇ, ಕೊಲಾಜೆನ್ ಅಂತ. ಆ ಎಳೆಗಳನ್ನ ಹದ ಮಾಡೋ ಕಿಣ್ವದೊಳಗೆ ಒಂದು ಚೂರು ಕಬ್ಬಿಣ ಇದೆ. ಕೆಲಸ ಮಾಡ್ತಾ ಮಾಡ್ತಾ ಅದು ತುಕ್ಕು ಹಿಡಿದ ಹಾಗೆ ಆಗಿಬಿಡುತ್ತೆ. ಅದನ್ನ ಮತ್ತೆ ಸರಿಮಾಡೋದು ವಿಟಮಿನ್ ಸಿ. ಅದು ಇರೋದು ನೀವು ಬಿಟ್ಟಿರೋ ಹಣ್ಣಲ್ಲಿ, ಸೊಪ್ಪಲ್ಲಿ."

ತಾತನ ಮುಖ ಅರಳಿತು. "ಅಂಗಾರೆ ನಾರದೆ, ಕೊಕ್ಕೆ ತುಕ್ಕಿಡ್ದದೆ ಅನ್ನಿ!" ಎಂದವರೇ ಅಜ್ಜಿಯ ಕಡೆ ತಿರುಗಿ, "ಕೇಳುಸ್ತೇನಮ್ಮೀ? ಗಾಯವ ಸಾಕ್ತಿದ್ದೋಳು ನೀನೇಯ!" ಎಂದರು. ಅಜ್ಜಿ ಮೂತಿ ತಿರುವಿದರು.

ಮೇಡಂ ಅವತ್ತೇ ಹೇರಳೆಕಾಯಿ ಚಿತ್ರಾನ್ನ ಕಲಸಿ ತಂದರು. ಕುದಿಸಿದರೆ ಸತ್ವ ಹೋಗುತ್ತದೆ, ಒಲೆಯಿಂದ ಇಳಿಸಿ ಆರಿದ ಮೇಲೆ ಹಿಂಡಿ ಎಂದು ಅಜ್ಜಿಗೆ ಮೂರು ಸಲ ಹೇಳಿದರು. ಡಾಕ್ಟರ ಬಳಿಗೂ ಅಟ್ಟಿದರು; ಅವರು ಹಣೆ ಚಚ್ಚಿಕೊಂಡು ಮಾತ್ರೆ ಬರೆದುಕೊಟ್ಟರು.

ಮೊದಲು ವಸಡಿನ ರಕ್ತ ನಿಂತಿತು. ಆಮೇಲೆ ಗಾಯದ ಅಂಚು ಮೆಲ್ಲಮೆಲ್ಲಗೆ ಕೂಡುತ್ತಾ ಬಂತು... ಪೂರ್ತಿ ಮಾಯ್ದ ದಿನ ತಾತ ನಾರಿನ ಕಟ್ಟು ಬಿಚ್ಚಿ, ಕೊಕ್ಕೆಯನ್ನು ಮೇಡಂ ಕೈಗೇ ಕೊಟ್ಟರು. ಅವರು ಸೆರಗು ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದರೆ ತಾತ ಹಿಂದಕ್ಕೆ, ಇನ್ನೂ ಹಿಂದಕ್ಕೆ, ಬೀದಿ ದಾಟಿ ಮೇಡಂ ಮನೆಯ ಜಗುಲಿಯವರೆಗೂ...

"ಸಾಕು ನಿಲ್ಲಿ ಯಜಮಾನರೇ, ಕೈ ಸೋತುಹೋಯ್ತು!"

"ಕಾಲ್ ಬಂದದೆ ಕನವ್ವಾ, ನಿಲ್ಲಾಕಿಲ್ಲ!"

ಬೀದಿಯೆಲ್ಲ ನಕ್ಕಿತು. ಆ ಹಗ್ಗವನ್ನು ಮೇಡಂ ವರ್ಷ ವರ್ಷ ಕಿಣ್ವದ ಪಾಠಕ್ಕೆ ತರಗತಿಗೆ ತರುತ್ತಿದ್ದರು.

ತಾತ ಹೋಗಿ ಬಹಳ ಕಾಲವಾಯಿತು. ಮೇಡಂ ತೀರಿಕೊಂಡದ್ದು ಹೋದ ವರ್ಷ; ನನಗೆ ಸುದ್ದಿ ಮುಟ್ಟಿದ್ದು ತಡವಾಗಿ. ಕಡೆಗೊಮ್ಮೆ ನೋಡಲಾಗಲಿಲ್ಲವೆಂಬ ಸಂಕಟ ಇನ್ನೂ ಇದೆ.

ಮೊನ್ನೆ ಬಾಣಲೆ ಇಳಿಸಿ, ಹೋಳು ಕೈಯಲ್ಲಿ ಹಿಡಿದು ನಿಂತಿದ್ದೆ. "ಹಿಂಡೋಕೆ ಯಾಕಮ್ಮಾ ಕಾಯ್ತಿದೀಯ?" ಎಂದಳು ಮಗಳು. ಹೋಳನ್ನು ಕೆಳಗಿಟ್ಟು, ಅವಳ ದುಪಟ್ಟಾದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟೆ.

"ತಿರುಗಿಸು" ಎಂದು, ಇನ್ನೊಂದು ತುದಿ ಹಿಡಿದು ಹಿಂದಕ್ಕೆ ನಡೆದೆ.