ಕೃಪಾವತಿಯ ಶ್ರುತಿ

ಗಂಗಾನಗರದ ಪುಟ್ಟ ಚರ್ಚಿನಲ್ಲಿ ದೇವದಾನ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದ. ಕಾರ್ಖಾನೆ ಕೆಲಸದ ಲೇತ್ ಮೆಷಿನ್ನಿನ ಗದ್ದಲಕ್ಕೆ ಒಂದು ಕಿವಿ ಮಂದವಾಗಿದ್ದರೂ ಅವನ ಶ್ರುತಿ ತಪ್ಪುತ್ತಿರಲಿಲ್ಲ. ಯಾವ ಕೀರ್ತನೆಯಾದರೂ ಅವನು ಹಿಡಿಯುತ್ತಿದ್ದುದು ಹೆಂಡತಿ ಕೃಪಾವತಿಯ ಎತ್ತರದ ಕಂಠಕ್ಕೆ ಒಪ್ಪುವ ಶ್ರುತಿಯನ್ನೇ. ಮಿಕ್ಕವರು ಗೊಣಗುತ್ತಿದ್ದರು.

"ಸ್ವಲ್ಪ ಇಳಿಸಿ ಅಣ್ಣಾ, ನಮ್ ಗಂಟಲು ಕಿತ್ತೋಗುತ್ತೆ."

"ಅವಳಿದ್ದಾಳಲ್ಲ, ಎಳ್ಕೊಂಡ್ ಹೋಗ್ತಾಳೆ. ನೀವು ಹಿಂದೆ ಬನ್ನಿ ಸಾಕು" ಎನ್ನುತ್ತಿದ್ದ. ದೇವರಿಗೆ ಕೊಡುವುದಾದರೆ ಇರುವುದರಲ್ಲಿ ಒಳ್ಳೆಯದನ್ನೇ ಕೊಡಬೇಕು ಎಂಬುದು ಅವನ ಹಟ. ಅವನ ಬಳಿ ಇದ್ದ ಒಳ್ಳೆಯದೆಂದರೆ ಆ ಕಂಠವೊಂದೇ.

ಅವಳನ್ನು ಮಣ್ಣು ಮಾಡಿದ ದಿನವೂ ಹಾರ್ಮೋನಿಯಂ ಅವನದೇ. ಗುಂಡಿಯ ಪಕ್ಕ ಕೂತವನ ಬೆರಳು ರೂಢಿಯಂತೆ ಅದೇ ಶ್ರುತಿಗೆ ಹೋಯಿತು. ಎರಡನೇ ಸಾಲು ಮೇಲೇರುವ ಕಡೆ ದನಿ ಏರದೆ ಒಬ್ಬೊಬ್ಬರಾಗಿ ಎಲ್ಲರೂ ಹಾಡು ಬಿಟ್ಟರು. ಅವನು ಆ ಸ್ವರವನ್ನೇ ಒತ್ತಿ ಹಿಡಿದು, ತಿದಿ ಒತ್ತುತ್ತಾ, ಅವಳು ಎತ್ತಿಕೊಳ್ಳಲಿ ಎಂದು ಕಾದ. ಹೆಬ್ಬಾಳದ ಫ್ಲೈಓವರಿನ ಸದ್ದಷ್ಟೇ ಕೇಳಿಸಿತು. ಕೊನೆಗೆ ಪಾಸ್ಟರ್ ಬಂದು ಅವನ ಕೈ ಹಿಡಿದು ನಿಲ್ಲಿಸಿದರು.

ಮುಂದಿನ ಭಾನುವಾರ ದೇವದಾನ ಶ್ರುತಿ ಇಳಿಸಿದ. ಗಂಡಸರು, ಮುದುಕಿಯರು, ಎಂದೂ ಬಾಯಿ ಬಿಡದವರು ಕೂಡ ಗಂಟಲು ಬಿಚ್ಚಿ ಹಾಡಿದರು.

"ನಾವು ಇಷ್ಟು ಚೆನ್ನಾಗಿ ಯಾವತ್ತೂ ಹಾಡಿರ್ಲಿಲ್ಲ ಅಣ್ಣಾ" ಎಂದಳು ಕ್ವಾಯರಿನ ಹುಡುಗಿ ಸುಗಂಧಿ, ಆರಾಧನೆ ಮುಗಿದ ಮೇಲೆ.

ನಿಜ. ಹಾಡು ಚರ್ಚಿನ ಗೋಡೆಯಿಂದ ಗೋಡೆಗೆ ತುಂಬಿತ್ತು. ನುಡಿಸುತ್ತಲೇ ದೇವದಾನ ಒಳ್ಳೆಯ ಕಿವಿಯನ್ನು ಹಾಡಿನ ಕಡೆ ಕೊಟ್ಟು, ಅವಳ ದನಿಯ ಜಾಗ ಹುಡುಕಿದ್ದ. ಅವಳಿಲ್ಲದ ಕೊರತೆ ಅದರಲ್ಲಿ ಎಲ್ಲೂ ಇರಲಿಲ್ಲ.